ಮುಂಬಾಗಿಲಿಗೆ ಮೂರು ತಿಂಗಳು, ಬಚ್ಚಲ ಬಾಗಿಲಿಗೆ ಮೂರು ನಿಮಿಷ

ಹೋದ ವಾರ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ಅವನ ಹೊಸ ಮನೆಯ ಮುಂಬಾಗಿಲಿನ ಡಿಸೈನು. ನಡುವೆ ಗಜಲಕ್ಷ್ಮಿ, ಎರಡೂ ಕಡೆ ಆನೆ, ಕೆಳಗೆ ನವಿಲು, ಸುತ್ತ ಬಳ್ಳಿ. 'ಹೇಗಿದೆ?' ಅಂತ ಕೇಳಿದ. 'ಚೆನ್ನಾಗಿದೆ ಮಾರಾಯ, ಬಚ್ಚಲಿಗೆ ಯಾವ ಬಾಗಿಲು ಹಾಕಿಸ್ತಿದ್ದೀಯ?' ಅಂದೆ. 'ಅದೆಲ್ಲ ಕಂಟ್ರಾಕ್ಟರ್ ನೋಡ್ಕೋತಾರೆ ಬಿಡು' ಅಂದ.

2017ರಲ್ಲಿ ನಮ್ಮ ಮನೆ ಕಟ್ಟಿಸುವಾಗ ನಾನೂ ಇದೇ ಮಾತು ಹೇಳಿದ್ದೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಿದೆ, ಮನೆ ಕಟ್ಟಿಸುತ್ತಿರುವವರು ಓದಿದರೆ ಸಾಕು.

ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲ ಹಿಡಿಯಿತೆಂದರೆ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ. ಅಂಥ ಊರಲ್ಲಿ ಮುಂಬಾಗಿಲಿಗೆ ಒಳ್ಳೇ ಸಾಗುವಾನಿ ಬೇಕು ಅಂತ ಮೂರು ತಿಂಗಳು ಸಾಮಿಲ್ಲುಗಳನ್ನು ಸುತ್ತಿದೆ. ನಮ್ಮದೂ ಗಜಲಕ್ಷ್ಮಿಯೇ. ಕೆತ್ತನೆ, ಪಾಲಿಶ್, ಹಿತ್ತಾಳೆ ಹಿಡಿ ಎಲ್ಲ ಸೇರಿ ಲಕ್ಷದ ಹತ್ತಿರ ಹೋಯಿತು. ವಾಸ್ಕಾಲು ಇಟ್ಟ ದಿನ ಪೂಜೆ, ಮಾವಿನ ತೋರಣ, ಹೊಸ್ತಿಲ ಕೆಳಗೆ ನವರತ್ನದ ಹರಳು, ನೆಂಟರಿಗೆಲ್ಲ ಪಾಯಸ. ಬಚ್ಚಲ ಬಾಗಿಲನ್ನು ಆರಿಸಿದ್ದು ಅಂಗಡಿಯ ಮುಂದೆ ಬೈಕಿನಿಂದ ಇಳಿಯದೆ. 'ವಾಟರ್‌ಪ್ರೂಫ್ ತಾನೆ?' ಅಂದೆ. 'ಹೌದು ಸಾರ್' ಅಂದರು. ಮುಗಿಯಿತು.

ಮೂರನೇ ಮಳೆಗಾಲಕ್ಕೆ ಆ ಬಾಗಿಲಿನ ಕೆಳಗಿನ ಅರ್ಧ ಅಡಿ ನೆನೆದ ರಟ್ಟಿನ ಹಾಗೆ ಪದರ ಪದರವಾಗಿ ಬಿಚ್ಚಿಕೊಂಡಿತು. ಚೌಕಟ್ಟಿನ ಬುಡಕ್ಕೆ ಬೆರಳು ಒತ್ತಿದರೆ ಒಳಗೇ ಹೋಗುತ್ತಿತ್ತು. ಅಂಗಡಿಯವರನ್ನು ಕೇಳಿದರೆ 'ನೀರು ಬಿದ್ದಿದೆ ಸಾರ್' ಅಂದರು. ಬಚ್ಚಲಲ್ಲಿ ಮತ್ತೇನು ಬೀಳಬೇಕಿತ್ತು?

ಆಮೇಲೆ ಕೂತು ತಿಳಿದುಕೊಂಡೆ. ಫ್ಲಶ್ ಡೋರ್ ಅಂದರೆ ಒಳಗೆ ಮರದ ಪಟ್ಟಿಗಳು, ಎರಡೂ ಕಡೆ ತೆಳು ಪದರಗಳು, ಎಲ್ಲವನ್ನೂ ಹಿಡಿದಿಟ್ಟಿರುವುದು ಅಂಟು. ಎಂಆರ್ ಅಂತ ಬರೆದಿದ್ದರೆ ಆ ಅಂಟು ಗಾಳಿಯ ತೇವ ತಡೆಯುತ್ತದೆ, ಅಷ್ಟೆ. ಸುರಿಯುವ ನೀರನ್ನಲ್ಲ. ಬಿಡಬ್ಲ್ಯೂಆರ್, ಬಿಡಬ್ಲ್ಯೂಪಿ ಅಂದರೆ ಕುದಿಯುವ ನೀರಿನಲ್ಲಿ ಹಾಕಿ ಪರೀಕ್ಷಿಸುವ ಗಟ್ಟಿ ಅಂಟು. ಅಂಗಡಿಯಲ್ಲಿ ಎರಡಕ್ಕೂ 'ವಾಟರ್‌ಪ್ರೂಫ್' ಅಂತಲೇ ಹೇಳುತ್ತಾರೆ. ಮರದ ಫ್ಲಶ್ ಡೋರ್‌ಗೆ ಐಎಸ್ 2202 ಅನ್ನೋ ಮಾನದಂಡ ಇದೆ. ಬಾಗಿಲ ಮೇಲೆ ಐಎಸ್‌ಐ ಗುರುತಿನ ಜೊತೆ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ. ನಾನು ಮಾಡಿರಲಿಲ್ಲ.

ಆದರೆ ಒಂದು ಮಾತು. ಅಂಟು ಎಷ್ಟೇ ಗಟ್ಟಿ ಇರಲಿ, ಒಳಗಿರುವುದು ಮರವೇ. ದಿನಾ ನೀರು ಕುಡಿದರೆ ಕೊಳೆಯುತ್ತದೆ. ಹಾಗಾಗಿ ಬಚ್ಚಲಿಗೆ ಮರವೇ ಬೇಡ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಈಗ ನಮ್ಮಲ್ಲಿ ಗ್ರಾನೈಟ್ ಚೌಕಟ್ಟು, ಡಬ್ಲ್ಯೂಪಿಸಿ ಬಾಗಿಲು. ಗ್ರಾನೈಟಿಗೆ ಬಿಜಾಗರಿ ಕೂರಿಸಲು ತೂತು ಕೊರೆಯುವವರು ಕೈ ಪಳಗಿದವರಾಗಿರಬೇಕು, ಇಲ್ಲದಿದ್ದರೆ ಮೂಲೆ ಚಕ್ಕೆ ಎದ್ದುಬಿಡುತ್ತದೆ. ಡಬ್ಲ್ಯೂಪಿಸಿ ಅಂದರೆ ಮರದ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ. ಅದಕ್ಕೆ ಗೆದ್ದಲು ಇಲ್ಲ, ನೀರಿನ ಭಯ ಇಲ್ಲ. ಕೊಳ್ಳುವಾಗ ಒಂದು ಕೈಯಲ್ಲಿ ಎತ್ತಿ ನೋಡಿ. ತೀರಾ ಹಗುರವಾಗಿದ್ದರೆ ಬಿಜಾಗರಿಯ ಸ್ಕ್ರೂ ಹೆಚ್ಚು ದಿನ ಹಿಡಿಯುವುದಿಲ್ಲ. ಇದನ್ನೇ ಬಿಸಿಲಿಗೆ ತೆರೆದ ಬಾಲ್ಕನಿಗೂ ಹಾಕಿಸಬೇಡಿ, ಕಾದು ಬಾಗುತ್ತದೆ.

ಇನ್ನು ಮರದ ಬಾಗಿಲು. ಎಲ್ಲರೂ ಕೇಳುವುದು 'ಯಾವ ಮರ?' ಅಂತ. ಕೇಳಬೇಕಾದ್ದು 'ಎಷ್ಟು ಒಣಗಿದೆ?' ಅಂತ. ಸಾಗುವಾನಿಯೇ ಆಗಬೇಕೆಂದಿಲ್ಲ. ನಮ್ಮ ಅಜ್ಜನ ಮನೆಯ ಬಾಗಿಲುಗಳು ಹೊನ್ನೆಯವು, ನಡುಮನೆಯದು ಹಲಸಿನದು. ಮತ್ತಿ, ನಂದಿ ಮರಗಳನ್ನೂ ಮಲೆನಾಡಿನವರು ಮನೆಗೆ ಬಳಸಿದವರೇ. ಅವತ್ತು ಮರ ಕುಯ್ದು, ಅಟ್ಟದ ಮೇಲೋ ಕೊಟ್ಟಿಗೆಯ ಸೂರಿನ ಕೆಳಗೋ ಎರಡು ಮೂರು ವರ್ಷ ಬಿಟ್ಟು ಆಮೇಲೆ ಆಚಾರ್ರನ್ನು ಕರೆಯುತ್ತಿದ್ದರು. ಈಗ ಸೋಮವಾರ ಕುಯ್ದ ಮರ ಶುಕ್ರವಾರ ಬಾಗಿಲಾಗಿರುತ್ತದೆ. ಆಮೇಲೆ ಸೀಳು ಬಿಟ್ಟಿತು, ಸೊಟ್ಟಗಾಯಿತು ಅಂತ ಮರಕ್ಕೆ ಬೈಯುತ್ತೇವೆ.

ಮರದ ತೇವ ಅಳೆಯಲು ಎರಡು ಸೂಜಿ ಇರುವ ಸಣ್ಣ ಮೀಟರ್ ಸಿಗುತ್ತದೆ. ಬಾಗಿಲ ಮರ ನೂರಕ್ಕೆ 12ರ ಆಸುಪಾಸು ತೋರಿಸಿದರೆ ಒಳ್ಳೆಯದು. ಹಸಿ ಮರ 30 ದಾಟಿರುತ್ತದೆ. ಹಲಗೆಯ ಮೇಲ್ಮೈಗೆ ಮಾತ್ರ ಚುಚ್ಚಬೇಡಿ, ಹೊಸದಾಗಿ ಕುಯ್ದ ಮುಖಕ್ಕೆ ಚುಚ್ಚಿ. ಮೀಟರ್ ತೆಗೆದುಕೊಂಡು ಹೋದ ದಿನ ಮಿಲ್ಲಿನವರು ನನ್ನನ್ನು ಸೇಲ್ಸ್ ಟ್ಯಾಕ್ಸ್‌ನವನ ಹಾಗೆ ನೋಡಿದರು. ಇರಲಿ.

ಇನ್ನೊಂದು, ಪಾಲಿಶ್ ಆದ ಮೇಲೆ ಮರ ಕೊಳ್ಳಬೇಡಿ. ಮರದ ಒಳಗಿನ ಗಟ್ಟಿ ಭಾಗ ಚೇಗು, ಅಂಚಿನದು ಬಿಳಿ ಭಾಗ. ಸಾಗುವಾನಿಗೆ ಗೆದ್ದಲು ಹತ್ತುವುದಿಲ್ಲ ಅನ್ನುವುದು ಚೇಗಿನ ಮಾತು. ಬಿಳಿ ಭಾಗವನ್ನು ಗೆದ್ದಲು ಆರಾಮಾಗಿ ತಿನ್ನುತ್ತದೆ. ಬಣ್ಣ ಹಚ್ಚಿ ಪಾಲಿಶ್ ಹೊಡೆದರೆ ಎರಡೂ ಒಂದೇ ಥರ ಕಾಣುತ್ತವೆ. ಮರ ಯಾವುದು ಅಂತಲೇ ಅನುಮಾನ ಇದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ತುಂಡು ನೋಡಿ ಜಾತಿ ಹೇಳುತ್ತಾರೆ. ಒಂದು ಬಾಗಿಲಿಗಾಗಿ ಅಲ್ಲಿ ತನಕ ಯಾರು ಹೋಗುತ್ತಾರೆ ಅಂತೀರಾ? ಇಡೀ ಮನೆಯ ಮರ ಕೊಳ್ಳುವವರು ಹೋಗಬಹುದು.

ಲೆಕ್ಕವನ್ನೂ ಕಲಿತುಕೊಳ್ಳಿ. ಮಿಲ್ಲಿನಲ್ಲಿ ರೇಟು ಘನ ಅಡಿಗೆ, ಅವರ ಬಾಯಲ್ಲಿ ಸಿಎಫ್‌ಟಿ. ಅಗಲದ ಇಂಚು, ದಪ್ಪದ ಇಂಚು, ಉದ್ದದ ಅಡಿ ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. ಮುಂಬಾಗಿಲ ಚೌಕಟ್ಟು 7 ಅಡಿ ಎತ್ತರ, ಮೂರೂವರೆ ಅಡಿ ಅಗಲ, ಹೊಸ್ತಿಲೂ ಸೇರಿ ಒಟ್ಟು 21 ಅಡಿ ಉದ್ದ. ಮರದ ಅಗಲ 6 ಇಂಚು, ದಪ್ಪ 4 ಇಂಚು. ಬರುವುದು ಮೂರೂವರೆ ಸಿಎಫ್‌ಟಿ. ಬಿಲ್ಲಿನಲ್ಲಿ ನಾಲ್ಕೂವರೆ ಬಂದರೆ ವೇಸ್ಟೇಜ್ ಎಷ್ಟು ಹಿಡಿದಿದ್ದೀರಿ ಅಂತ ಕೇಳುವ ಹಕ್ಕು ನಿಮಗಿದೆ.

ಚೌಕಟ್ಟಿನ ಗೋಡೆ ಕಡೆಯ ಮುಖಕ್ಕೆ ನಮ್ಮ ಹಳಬರು ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಗೆದ್ದಲಿಗೆ ಅದರಷ್ಟು ಒಳ್ಳೇ ಮದ್ದು ನಾನು ನೋಡಿಲ್ಲ. ಕೈಗೆ ತಾಗಿದರೆ ಮಾತ್ರ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ, ಹುಷಾರು.

ಈಗ ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುವ ವಿಷಯ. ಮರ ಊದುವುದು ಅಡ್ಡಕ್ಕೆ, ಉದ್ದಕ್ಕೆ ಬಹಳ ಕಡಿಮೆ. ಹಲಗೆ ಕೂರಿಸಿದ ಬಾಗಿಲಿನಲ್ಲಿ ಇದಕ್ಕೊಂದು ಹಳೇ ಉಪಾಯ ಇದೆ. ಸುತ್ತಿನ ಪಟ್ಟಿಗಳಲ್ಲಿ ಕಾಡಿ, ಅಂದರೆ ಉದ್ದನೆಯ ತೋಡು ತೆಗೆದು, ನಡುವಿನ ಹಲಗೆಯನ್ನು ಅದರೊಳಗೆ ಸುಮ್ನೆ ಕೂರಿಸುತ್ತಾರೆ. ಅಂಟು ಹಾಕುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಮಳೆಗೆ ಹಲಗೆ ಹಿಗ್ಗಿ, ಬೇಸಿಗೆಗೆ ಕುಗ್ಗಿ ಆಡಿಕೊಂಡಿರುತ್ತದೆ, ಬಾಗಿಲಿನ ಅಳತೆ ಹೆಚ್ಚು ಬದಲಾಗುವುದಿಲ್ಲ. ಗಟ್ಟಿ ಇರಲಿ ಅಂತ ಅಲ್ಲಿ ಫೆವಿಕಾಲ್ ಸುರಿದರೆ ಮೊದಲ ಬೇಸಿಗೆಗೇ ಹಲಗೆ ಟಪ್ಪೆಂದು ಸೀಳುತ್ತದೆ. ನಮ್ಮ ಗಜಲಕ್ಷ್ಮಿಯ ಕಿವಿಯ ಪಕ್ಕ ಅಂಥದ್ದೇ ಒಂದು ಸೀಳು ಇದೆ. ಬಂದವರಿಗೆ ಕಾಣದಿರಲಿ ಅಂತ ತೋರಣ ಸ್ವಲ್ಪ ಇಳಿಬಿಟ್ಟಿದ್ದೇವೆ.

ಪೇಂಟರ್ ಬಾಗಿಲಿನ ಮುಂದೆ, ಹಿಂದೆ, ಎರಡು ಬದಿಗೆ ಬಣ್ಣ ಹೊಡೆಯುತ್ತಾನೆ. ತಲೆ ಮತ್ತು ಬುಡ? ಯಾರಿಗೂ ಕಾಣುವುದಿಲ್ಲವಲ್ಲ, ಬಿಡುತ್ತಾನೆ. ಮರ ನೀರು ಹೀರುವುದು ಎಲ್ಲಕ್ಕಿಂತ ಜಾಸ್ತಿ ಕುಯ್ದ ತುದಿಗಳಿಂದ. ಬಾಗಿಲು ನೇತುಹಾಕುವ ಮೊದಲೇ ಬುಡಕ್ಕೆ ಎರಡು ಕೋಟು ಹೊಡೆಸಿ. ಆಮೇಲೆ ಹೊಡೆಸಬೇಕೆಂದರೆ ಬಾಗಿಲನ್ನೇ ಕಳಚಬೇಕು. ಮೇಲಿನ ಅಂಚಿಗೆ ಹೊಡೆದಿದ್ದಾರೋ ಇಲ್ಲವೋ ನೋಡಲು ಮೊಬೈಲ್ ಕ್ಯಾಮೆರಾ ಮೇಲೆ ಹಿಡಿದರೆ ಸಾಕು. ನಮ್ಮ ಮನೆಯ ಒಂಬತ್ತು ಬಾಗಿಲುಗಳಲ್ಲಿ ಒಂದಕ್ಕೂ ಹೊಡೆದಿರಲಿಲ್ಲ.

ಬಾಗಿಲು ಒಂಬತ್ತೇ ಅಂದಿದ್ದಕ್ಕೆ ವಾಸ್ತು ಗೊತ್ತಿರುವವರು ಬೆಚ್ಚಿಬೀಳಬೇಡಿ. ಸಮಸಂಖ್ಯೆ ಇರಬೇಕು ಅಂತ ನಮ್ಮ ವಾಸ್ತುವಿನವರು ಆಮೇಲೆ ಸ್ಟೋರ್ ರೂಮಿಗೆ ಒಂದು ಸೇರಿಸೋಣ ಎಂದರು. ಹತ್ತು ಆಗುತ್ತದೆ, ಸೊನ್ನೆ ಬರಬಾರದು ಅಂತ ಅವರೇ ಬೇಡ ಅಂದರು.

ಬಿಜಾಗರಿಯಲ್ಲಿ ಜಿಪುಣತನ ಬೇಡ. ಭಾರದ ಬಾಗಿಲಿಗೆ ನಾಲ್ಕು ಬೇಕು, ಅದೂ ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲಿನದು. ಸ್ಟೀಲ್ ಬಾಗಿಲು ಹಾಕಿಸಲಾ ಅಂತಲೂ ಕೆಲವರು ಕೇಳುತ್ತಾರೆ. ಗೆದ್ದಲಿಲ್ಲ, ಊದುವುದಿಲ್ಲ, ಬೀಗ ಭದ್ರ. ತಗ್ಗು ಬಿದ್ದರೆ ಮಾತ್ರ ಆಚಾರ್ರ ಕೈಯಲ್ಲಿ ಸರಿಯಾಗುವುದಿಲ್ಲ. ನನಗೆ ಇಷ್ಟವಿಲ್ಲ, ಆದರೆ ತಪ್ಪು ಅನ್ನಲಾರೆ.

ಅಗಲದ ಬಗ್ಗೆ ಮಾತ್ರ ಹೇಳಲೇಬೇಕು. ನಮ್ಮ ಕಡೆ ಬಚ್ಚಲಿಗೆ ಎರಡೂವರೆ ಅಡಿ ಅನ್ನುವುದು ರೂಢಿ. ಅದು ಚೌಕಟ್ಟಿನ ಹೊರಗಿನ ಅಳತೆ. ಎರಡೂ ಕಡೆಯ ಚೌಕಟ್ಟು ಕಳೆದರೆ ಹಾದುಹೋಗಲು ಉಳಿಯುವುದು 25 ಇಂಚಿನ ಆಸುಪಾಸು. ಎರಡು ವರ್ಷದ ಹಿಂದೆ ಅಮ್ಮ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ವೀಲ್‌ಚೇರ್‌ನಲ್ಲಿ ಮನೆಗೆ ಬಂದರು. ಗಜಲಕ್ಷ್ಮಿಯ ಬಾಗಿಲಿನಲ್ಲಿ ಹೊಸ್ತಿಲು ದಾಟಿಸಲು ಇಬ್ಬರು ಎತ್ತಿದೆವು. ಬಚ್ಚಲ ಬಾಗಿಲಿನಲ್ಲಿ ವೀಲ್‌ಚೇರ್ ಹೋಗಲೇ ಇಲ್ಲ. ಆಮೇಲೆ ವಾಕರ್ ಬಂತು, ಅದನ್ನೂ ಓರೆ ಮಾಡಿ ತೂರಿಸಬೇಕು. ಅಮ್ಮ ಏನೂ ಅನ್ನಲಿಲ್ಲ. 'ನೀರು ಕುಡಿಯೋದೇ ಕಡಿಮೆ ಮಾಡಿದೀನಿ' ಅಂತ ನನ್ನ ಹೆಂಡತಿಯ ಹತ್ತಿರ ಹೇಳಿದ್ದರಂತೆ.

ಗೋಡೆ ಒಡೆಸಿ ಗ್ರಾನೈಟ್ ಚೌಕಟ್ಟು ಹಾಕಿಸಿದ್ದು ಆಗ. ಸಾರ್ವಜನಿಕ ಕಟ್ಟಡಗಳ ಸರ್ಕಾರಿ ಮಾರ್ಗಸೂಚಿಯಲ್ಲಿ ವೀಲ್‌ಚೇರ್‌ಗೆ 900 ಮಿಲಿಮೀಟರ್ ತೆರವು ಇರಬೇಕು ಅಂತಿದೆ, ಹತ್ತಿರ ಹತ್ತಿರ ಮೂರಡಿ. ಅಷ್ಟೇ ಬಿಡಿಸಿದೆ. ಬಾಗಿಲು ಹೊರಗೆ ತೆರೆಯುವ ಹಾಗೆ ಮಾಡಿಸಿದೆ, ಒಳಗೆ ಯಾರಾದರೂ ಬಿದ್ದರೆ ತಳ್ಳಿ ತೆರೆಯಲು ಆಗುವುದಿಲ್ಲ ಅಂತ. ಹೊಸ್ತಿಲು ಇಲ್ಲ, ನೀರು ಹೊರಗೆ ಬರದಿರಲಿ ಅಂತ ಒಳಗಿನ ನೆಲವನ್ನೇ ಅರ್ಧ ಇಂಚು ಇಳಿಜಾರು ಮಾಡಿದ್ದಾರೆ. ಕಟ್ಟುವಾಗಲೇ ಒಂದಿಷ್ಟು ಇಟ್ಟಿಗೆ ಕಡಿಮೆ ಇಟ್ಟಿದ್ದರೆ ಸಾಕಿತ್ತು.

ಇದನ್ನೆಲ್ಲ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಆನೆಗಳನ್ನು ಅವನು ಬಿಡುವುದಿಲ್ಲವಂತೆ, ಹೆಂಡತಿಗೆ ಇಷ್ಟವಂತೆ. ಬಿಡಬೇಕಾಗಿಯೂ ಇಲ್ಲ. ನವಿಲಿನ ದುಡ್ಡು ಬಚ್ಚಲಿಗೆ ಹಾಕುತ್ತೇನೆ ಅಂದಿದ್ದಾನೆ.

ನಮ್ಮ ಹಿಂಬಾಗಿಲು ಈ ಮಳೆಗೂ ಹಿಡಿದುಕೊಂಡಿದೆ. ಅದಕ್ಕೆ ಮೇಲೆ ಸಜ್ಜಾ ಇಲ್ಲ, ಇರುಚಲು ನೇರವಾಗಿ ಹೊಡೆಯುತ್ತದೆ. ಊದಿದ ಅಂಚಿಗೆ ಹತ್ತರಿ ಹೊಡೆದು ಕೀಸಿ ಕೊಡಿ ಅಂದರೆ ಆಚಾರ್ರು ಒಪ್ಪುತ್ತಿಲ್ಲ. ಈಗ ಹೊಡೆದರೆ ಮಾರ್ಚ್‌ನಲ್ಲಿ ಸಂದಿಯಲ್ಲಿ ಹಲ್ಲಿ ಓಡಾಡುತ್ತದೆ, ದೀಪಾವಳಿ ಕಳೆಯಲಿ ಅನ್ನುತ್ತಾರೆ. ಅಲ್ಲಿ ತನಕ ಭುಜ ಕೊಟ್ಟು ತೆಗೆಯುವುದೇ.