ದಾನಶೂರ ಕರ್ಣ ಬೇಕೇ? ಕಾರ್ಡ್ ಕೊಡಿ

ಜಪಾನಿನ 'ಫೇಟ್' ಕಥಾಸರಣಿಯ ಮಾಂತ್ರಿಕರನ್ನು ನೋಡಿದರೆ ಪಾಪ ಅನ್ನಿಸುತ್ತದೆ. ತಮ್ಮ ಪರ ಕಾದಾಡೋಕೆ ಹಳೆಯ ಕಾಲದ ಒಬ್ಬ ವೀರನನ್ನು ಕರೆಸೋಕೆ ಎಷ್ಟು ಒದ್ದಾಟ! ಆರ್ಥರ್ ರಾಜ ಬೇಕೆಂದರೆ ಕಾರ್ನ್‌ವಾಲ್‌ನ ಮಣ್ಣು ಅಗೆದು ಅವನ ಕತ್ತಿಯ ಒರೆ ತರಬೇಕು. ಅಲೆಕ್ಸಾಂಡರ್ ಬೇಕೆಂದರೆ ಅವನ ಮೇಲುಹೊದಿಕೆಯ ತುಂಡು. 'ಫೇಟ್/ಜೀರೋ'ದಲ್ಲಿ ವೇವರ್ ಎಂಬ ಹುಡುಗ ಆ ತುಂಡನ್ನು ತನ್ನ ಮೇಷ್ಟ್ರಿಂದಲೇ ಎಗರಿಸುತ್ತಾನೆ. ಆಮೇಲೆ ಕೋಳಿ ಕೊಯ್ದು, ಆ ರಕ್ತದಲ್ಲಿ ಮಂಡಲ ಬರೆದು, ಮಂತ್ರ ಹೇಳುತ್ತಾನೆ. ಬಂದ ಜಗದೇಕವೀರ ಮಾಡುವ ಘನಕಾರ್ಯವೇನು? ಲೈಬ್ರರಿ ಬಾಗಿಲು ಒಡೆದು ಅಟ್ಲಾಸ್ ಎತ್ತಿಕೊಂಡು ಬರುತ್ತಾನೆ.

ಏಳು ಮಾಂತ್ರಿಕರು, ಏಳು ವೀರರು, ಅವರ ಯುದ್ಧಕ್ಕೆ ಫುಯುಕಿ ಎಂಬ ಒಂದು ಬಡಪಾಯಿ ಊರು. ಕೊನೆಗೆ ಉಳಿದವರಿಗೆ ಕೇಳಿದ ವರ ಕೊಡುವ ಪವಿತ್ರ ಪಾತ್ರೆ. ಆ ಪಾತ್ರೆ ಮೂರನೇ ಯುದ್ಧದಲ್ಲೇ ಕೆಟ್ಟುಹೋಗಿದೆ. ಆದರೂ ನಾಲ್ಕನೆಯದು ನಡೆಯಿತು, ಐದನೆಯದೂ ನಡೆಯಿತು. ಬಹುಮಾನ ಹಳಸಿದೆ ಅಂತ ಬಂದವರಿಗೆ ಯಾರೂ ಹೇಳಲಿಲ್ಲ. ಜನರಿಗೆ ಟೋಪಿ ಹಾಕೋಕೆ ಇಷ್ಟೊಂದು ಗುಟ್ಟು ಬೇಕಾಗುವುದು ಕಥೆಯಲ್ಲಿ ಮಾತ್ರ.

ಹೊರಗಿನ ಲೋಕದಲ್ಲಿ ಎಲ್ಲ ಬಹಿರಂಗ. ಇದೇ ಕಥೆಯ ಮೊಬೈಲ್ ಆಟ, 'ಫೇಟ್/ಗ್ರ್ಯಾಂಡ್ ಆರ್ಡರ್', ಜಪಾನಿನಲ್ಲಿ 2015ರಲ್ಲಿ ಬಂತು. ಆಟ ಪುಕ್ಕಟೆ. ವೀರರು ಮಾತ್ರ ಗಾಚಾ ಲಾಟರಿಯಲ್ಲಿ. ಒರೆ ಬೇಡ, ಕೋಳಿ ಬೇಡ, ಮಂತ್ರವೂ ಬೇಡ. ಮಾಯಾಕಲ್ಲು ಕೊಂಡು ಗುಂಡಿ ಒತ್ತಿದರೆ ಆಯಿತು. ಐದು ನಕ್ಷತ್ರದ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ, ವೀರ ಬರುವ ಸಾಧ್ಯತೆ 100ಕ್ಕೆ 1 ಅಂತ ಅವರೇ ಬರೆದು ಹಾಕಿದ್ದಾರೆ. ಓದಿಯೂ ಜನ ಒತ್ತುತ್ತಾರೆ. '100ಕ್ಕೆ 1 ಅಲ್ವಾ, 100 ಸಲ ಒತ್ತಿದರೆ ಬಂದೇ ಬರ್ತಾನೆ' ಅನ್ನುವುದು ಭಕ್ತರ ಗಣಿತ. ಶಾಲೆಯ ಗಣಿತದ ಪ್ರಕಾರ, ಹಾಗೆ ನೂರು ಸಲ ಒತ್ತಿದ ನೂರು ಜನರಲ್ಲಿ ಸುಮಾರು 37 ಮಂದಿಗೆ ಅಂಥ ಒಬ್ಬ ವೀರನೂ ಸಿಗುವುದಿಲ್ಲ.

ನಮ್ಮ ಕರ್ಣನೂ ಅಲ್ಲಿದ್ದಾನೆ. ಬೆಳ್ಳನೆಯ ಕೂದಲು, ಚಿನ್ನದ ಕವಚ, ಐದು ನಕ್ಷತ್ರ. ಕೇಳಿದವರಿಗೆ ಇಲ್ಲ ಅನ್ನದೆ ಮೈಗಂಟಿದ ಕವಚವನ್ನೇ ಕೊಯ್ದು ಕೊಟ್ಟ ಮಹಾನುಭಾವ. ಇಲ್ಲಿ ದುಡ್ಡು ಸುರಿದು ಕೇಳಿದರೂ ಬರುವುದಿಲ್ಲ. ಬಂದ ಅಂತಲೇ ಇಟ್ಟುಕೊಳ್ಳಿ. ಒಬ್ಬ ಕರ್ಣ ಸಾಲದು! ಅವನ ಮಹಾಸ್ತ್ರ ಪೂರ್ತಿ ಬಲಿಯಬೇಕಾದರೆ ಒಟ್ಟು ಐದು ಕರ್ಣರು ಬೇಕು. ಕುಂತಿಗೆ ಒಬ್ಬನನ್ನು ನಿಭಾಯಿಸೋಕೇ ಆಗಲಿಲ್ಲ, ಆಟಗಾರ ಐವರನ್ನು ಗುಡ್ಡೆ ಹಾಕಿ ಒಬ್ಬನೊಳಗೆ ಕಲಸಬೇಕು.

ಸರ್ಕಾರ ಸುಮ್ನೆ ಕೂತಿತ್ತು ಅನ್ನಬೇಡಿ. ಗಾಚಾದಲ್ಲಿ ಒಂದಿಡೀ ಸೆಟ್ ಕೂಡಿಸಿದರೆ ಅಪರೂಪದ ಬಹುಮಾನ ಕೊಡುವ 'ಕಂಪ್ಲೀಟ್ ಗಾಚಾ' ಕಾನೂನಿಗೆ ವಿರುದ್ಧ ಅಂತ ಜಪಾನಿನ ಗ್ರಾಹಕ ಇಲಾಖೆ 2012ರಲ್ಲೇ ಹೇಳಿತ್ತು. ಅಂದರೆ ಬೇರೆ ಬೇರೆ ವೀರರನ್ನು ಕೂಡಿಸಿ ಬಹುಮಾನ ಕೇಳಿದರೆ ತಪ್ಪು. ಒಬ್ಬನನ್ನೇ ಐದು ಸಲ ಕೊಳ್ಳಬಹುದು, ಅಡ್ಡಿಯಿಲ್ಲ.

2022ರಲ್ಲಿ ಕಂಪನಿಗೂ ಕರುಣೆ ಬಂತು. 330 ಸಲ ಒತ್ತುವುದರೊಳಗೆ ಬೇಕಾದ ವೀರನನ್ನು ಖಂಡಿತ ಕೊಡುತ್ತೇವೆ ಅಂದರು. ಅಷ್ಟಕ್ಕೆ 900 ಕಲ್ಲು ಬೇಕು. ಜನ ಸಂತೋಷಪಟ್ಟರು. 2024ರ ಆಗಸ್ಟ್‌ನಲ್ಲಿ, ವಾರ್ಷಿಕೋತ್ಸವದ ಉಡುಗೊರೆಯಾಗಿ, ಒಬ್ಬನೇ ವೀರನ ಪ್ರತಿಗಳು ಇನ್ನೂ ಜಾಸ್ತಿ ಬೇಕಾಗುವಂಥ ಹೊಸ ನಿಯಮ ಬಂತು. ಆಗ ಮಾತ್ರ ಗಲಾಟೆಯೋ ಗಲಾಟೆ. ಕಂಪನಿ ಕ್ಷಮೆ ಕೇಳಿ ನಿಯಮ ಸಡಿಲಿಸಿತು. ಐದು ಕರ್ಣರ ತನಕ ಯಾರಿಗೂ ದೊಡ್ಡ ತಕರಾರು ಇರಲಿಲ್ಲ ನೋಡಿ.

ಇಷ್ಟಾದರೂ ಪೂಜೆ-ಪುನಸ್ಕಾರ ಬಿಟ್ಟಿಲ್ಲ. ಬೇಕಾದ ವೀರನ ಗೊಂಬೆಯನ್ನು ಫೋನಿನ ಪಕ್ಕ ಕೂರಿಸುವವರಿದ್ದಾರೆ. ರಾತ್ರಿ 2 ಗಂಟೆಗೇ ಒತ್ತುವವರಿದ್ದಾರೆ, ಏಕೆಂದರೆ ಕಥೆಯ ಮಾಂತ್ರಿಕ ಹುಡುಗಿ ರಿನ್‌ಗೆ ಶಕ್ತಿ ಉಕ್ಕುವುದು ಆ ಹೊತ್ತಿಗೆ. ಆದರೆ ರಿನ್ ಮನೆಯ ಗಡಿಯಾರಗಳು ಒಂದು ಗಂಟೆ ಮುಂದಿದ್ದವು. ಅವಳಿಗೆ ಬೇಕಾದ ಕತ್ತಿವೀರ 'ಸೇಬರ್' ಬರಲಿಲ್ಲ, ಛಾವಣಿ ಒಡೆದುಕೊಂಡು ಬಿಲ್ಲುವೀರ 'ಆರ್ಚರ್' ಬಂದು ಬಿದ್ದ.

ಎಲ್ಲಕ್ಕಿಂತ ಮಜಾ ಅಂದರೆ ಜಪಾನಿ ಆಟಗಾರರ 'ಆಸೆಯ ಸೆನ್ಸರ್' ಎಂಬ ನಂಬಿಕೆ. ನಿಮಗೆ ಯಾರು ಬೇಕೋ ಅದು ಯಂತ್ರಕ್ಕೆ ಗೊತ್ತಾಗಿಬಿಡುತ್ತದಂತೆ, ಅವನೊಬ್ಬನನ್ನೇ ಬಚ್ಚಿಡುತ್ತದಂತೆ. ಹಾಗಾಗಿ 'ನನಗೆ ಕರ್ಣ ಬೇಡವೇ ಬೇಡ' ಅಂತ ಮುಖ ಅತ್ತ ತಿರುಗಿಸಿ ಒತ್ತಬೇಕು. ಆಸೆ ಬಿಟ್ಟವರಿಗೇ ಸಿಗುವುದು. ಕಾರ್ಡ್ ನಂಬರ್ ಮಾತ್ರ ಮೊದಲೇ ಕೊಟ್ಟಿರಬೇಕು.