ಬಾಣ ಒಂದು ಕಡೆ, ವಾಲ್ವ್ ಇನ್ನೊಂದು ಕಡೆ

ಬೈಕಂಪಾಡಿಯ ನಮ್ಮ ಘಟಕದಲ್ಲಿ ಪಂಪ್ ಕೆಟ್ಟರೆ, ಮಣಿಪಾಲದಲ್ಲಿರುವ ಎಂಜಿನಿಯರ್ ಕಣ್ಣಿಗೆ ವಿಆರ್ ಹೆಡ್‌ಸೆಟ್ ಹಾಕಿಕೊಂಡು ಇಲ್ಲಿಯ ತ್ರೀಡಿ ಪ್ರತಿರೂಪದ ಮೇಲೆ ಬಾಣ ಇಡುತ್ತಾರೆ. ಮೊಬೈಲ್ ಕ್ಯಾಮೆರಾ ಪಂಪಿನತ್ತ ಹಿಡಿದು, ಪರದೆಯಲ್ಲಿ ಆ ಬಾಣ ನೋಡಿ ನಾವು ಬಿಚ್ಚಬೇಕು. ನಿನ್ನೆ ಅವರು ತೋರಿಸಿದ್ದು ಎಡಗಡೆಯ ವಾಲ್ವ್. ನನ್ನ ಪರದೆಯಲ್ಲಿ ಬಾಣ ಕೂತದ್ದು ನಾಲ್ಕು ಬೆರಳು ಆಚೆ, ಬಿಸಿನೀರಿನ ಪೈಪಿನ ಜಾಯಿಂಟಿನ ಮೇಲೆ. ಸ್ಪ್ಯಾನರ್ ಹಾಕಿಯೇ ಆಗಿತ್ತು ಮಾರಾಯ್ರೆ!

ಫೋನು ಜಾಗ ಗುರುತಿಸುವುದು ಕ್ಯಾಮೆರಾಕ್ಕೆ ಕಾಣುವ ಮೂಲೆ, ಕಲೆ, ಗೆರೆಗಳಿಂದ. ನಮ್ಮಲ್ಲಿ ಇರುವುದು ಬೋಳು ಬಿಳಿ ಗೋಡೆ, ಮಳೆನೀರಿಗೆ ಹೊಳೆಯುವ ನೆಲ. ಬೇರೆ ಬೇರೆ ಕಂಪನಿಗಳ ಹೆಡ್‌ಸೆಟ್‌ಗಳಿಗೆ ಒಂದೇ ರೀತಿ ಆ್ಯಪ್ ಬರೆಯಲು ಓಪನ್‌ಎಕ್ಸ್‌ಆರ್ ಎಂಬ ಮಾನದಂಡ 2019ರಲ್ಲೇ ಬಂತು. ಆದರೆ ಹೆಡ್‌ಸೆಟ್ಟಿನ ಜಾಗವನ್ನು ಫೋನಿನ ಜೊತೆ ತಾಳೆ ಮಾಡುವ ಕೆಲಸ ಆ್ಯಪ್ ಮಾಡಿದವರದ್ದು. ಗೋಡೆಗೆ ಕ್ಯೂಆರ್ ಚೀಟಿ ಅಂಟಿಸಿ, ಎರಡೂ ಕಡೆ ಅದನ್ನೇ ಆಧಾರ ಹಿಡಿಯಿರಿ ಎಂದು ಅವರನ್ನು ಮೂರು ಸಲ ಕೇಳಿದೆ. ಮೂರು ಸಲವೂ “ನೋಡುವ” ಎಂದರು. ಆ ಪೈಪಿನ ಪಕ್ಕ ಕೈ ಇಡುವವರು ನಾವು.