ಬಿ. ಎನ್. ರಾವ್ ಮತ್ತು ನಮ್ಮ ಕೊನೆ ತೂಬು

ನಮ್ಮ ಗದ್ದೆ ಇರುವುದು ದಾವಣಗೆರೆ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಕೊನೆ ಭಾಗದಲ್ಲಿ. ಅಕ್ಕನನ್ನು ಕೊಟ್ಟಿರುವುದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಕಡೆ. 2025ರಲ್ಲಿ ಬಲದಂಡೆ ನಾಲೆ ಸೀಳಿ ಆ ಕಡೆಗೆ ಕುಡಿಯುವ ನೀರು ಒಯ್ಯುವ ಕೆಲಸದ ವಿರುದ್ಧ ನಮ್ಮವರು ಬೀದಿಗಿಳಿದಾಗ ನಾನೂ ಹೋಗಿದ್ದೆ. ಹಸಿರು ಶಾಲು ಹಾಕಿಕೊಂಡ ಫೋಟೊ ಸ್ಟೇಟಸ್‌ಗೂ ಹಾಕಿದ್ದೆ. ಸಂಜೆ ಅಕ್ಕನ ಫೋನ್. "ನಿನ್ನ ಫೋಟೊ ಚೆನ್ನಾಗಿ ಬಂದಿದೆ. ಫ್ಲೋರೈಡ್ ನೀರು ಕುಡಿದು ಹಳದಿಯಾದ ನನ್ನ ಮಗನ ಹಲ್ಲಿನ ಫೋಟೊನೂ ಹಾಕ್ತೀಯಾ?"

ಸುಮ್ನಾದೆ. ಇನ್ನೇನು ಹೇಳೋದು?

ಕೊನೆ ತೂಬಿನವರ ಪಾಡು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಬೇಸಿಗೆ ಬೆಳೆಗೆ ಭದ್ರಾದಿಂದ ನೀರು ಬಿಡುವುದು ಆನ್-ಆಫ್ ಲೆಕ್ಕದಲ್ಲಿ. ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು. ಅಣೆಕಟ್ಟು ಇರುವ ಲಕ್ಕವಳ್ಳಿಯಲ್ಲಿ ಗೇಟ್ ಎತ್ತಿದರೂ ನಮ್ಮ ತನಕ ನೀರು ಬರೋ ಹೊತ್ತಿಗೆ ದಿನಗಳೇ ಹೋಗಿರುತ್ತವೆ. ದಾರಿಯುದ್ದಕ್ಕೂ ನಾಲೆಗೆ ಪೈಪ್ ಇಳಿಬಿಟ್ಟ ಪಂಪ್‌ಸೆಟ್‌ಗಳು. ಒಂದು ವರ್ಷ ಅಪ್ಪ ಮತ್ತು ನಾನು ಮೂರು ರಾತ್ರಿ ತೂಬಿನ ಕಟ್ಟೆ ಮೇಲೆ ಟಾರ್ಚ್ ಹಿಡಿದು ಕೂತಿದ್ದೆವು. ಮೂರನೇ ರಾತ್ರಿ ನೀರು ಬಂತು. ಮೊದಲು ಬಂದಿದ್ದು ಒಂದಷ್ಟು ಪ್ಲಾಸ್ಟಿಕ್ ಬಾಟ್ಲಿ, ಒಣ ತೆಂಗಿನ ಗರಿ, ಒಂಟಿ ಹವಾಯಿ ಚಪ್ಪಲಿ. ಅದರ ಹಿಂದೆ ನೀರು. ಅಪ್ಪ ಬಗ್ಗಿ ಕೈ ಊರಿ ನೋಡಿದರು. ಮಣಿಕಟ್ಟು ಮುಳುಗಲಿಲ್ಲ. ಬೆಳಗಿನ ಜಾವಕ್ಕೆ ಅದೂ ನಿಂತಿತು. ಆನ್ ಮುಗಿದು ಆಫ್ ಶುರುವಾಗಿತ್ತು.

ಆವತ್ತು ಮೇಲಿನವರನ್ನೆಲ್ಲ ಬಾಯಿಗೆ ಬಂದಂತೆ ಬೈದಿದ್ದೆ. ಆದರೆ ಅಕ್ಕನ ಕಣ್ಣಲ್ಲಿ ನಾನೇ ಆ ಮೇಲಿನವನು, ಅಲ್ವಾ?

ಇದೇ ಜಗಳವನ್ನು ಬಹಳ ದೊಡ್ಡ ಅಳತೆಯಲ್ಲಿ ಬಿಡಿಸಲು ಕೂತಿದ್ದವರು ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಕೆನರಾ ಹೈಸ್ಕೂಲ್, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್, ಆಮೇಲೆ ಬ್ರಿಟಿಷ್ ಕಾಲದ ದೊಡ್ಡ ಸರ್ಕಾರಿ ನೌಕರಿ ಐಸಿಎಸ್. ಕಲ್ಕತ್ತಾ ಹೈಕೋರ್ಟಿನ ಜಡ್ಜ್ ಆಗಿದ್ದರು.

ಇವರ ಹೆಸರು ನಮಗೆ ನೆನಪಾಗುವುದು ವರ್ಷಕ್ಕೆ ಒಂದೋ ಎರಡೋ ಸಲ, ಅದೂ ಕೆಟ್ಟ ಕಾರಣಕ್ಕೆ. ನವೆಂಬರ್ 26 ಬಂದರೆ ವಾಟ್ಸ್‌ಆ್ಯಪ್‌ನಲ್ಲಿ "ಸಂವಿಧಾನ ನಿಜವಾಗಿ ಬರೆದವರು ಯಾರು ಗೊತ್ತಾ?" ಎಂದು ಒಂದು ಫಾರ್ವರ್ಡ್ ಬರುತ್ತದೆ. ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು, ಸಂಬಳ ತೆಗೆದುಕೊಳ್ಳದೆ ದುಡಿದರು, 1947ರ ಅಕ್ಟೋಬರ್‌ನಲ್ಲಿ ಮೊದಲ ಕರಡು ಕೊಟ್ಟರು. ಇದೆಲ್ಲ ನಿಜ. ಅದನ್ನು ಮುಂದಿಟ್ಟುಕೊಂಡು, ಸಾಲು ಸಾಲು ತಿದ್ದಿ, ಸಭೆಯಲ್ಲಿ ಒಂದೊಂದು ಕಲಮಿಗೂ ನಿಂತು ಉತ್ತರ ಕೊಟ್ಟವರು ಅಂಬೇಡ್ಕರ್. 1949ರ ನವೆಂಬರ್ 25ರ ಭಾಷಣದಲ್ಲಿ ತಮಗೆ ಬಂದ ಹೊಗಳಿಕೆಯಲ್ಲಿ ರಾವ್ ಅವರಿಗೂ ಪಾಲಿದೆ ಎಂದು ಅವರೇ ಹೇಳಿದರು. ಆ ಇಬ್ಬರ ನಡುವೆ ಇಲ್ಲದ ಜಗಳವನ್ನು ನಾವು ಹುಟ್ಟುಹಾಕಿದ್ದೇವೆ. ಒಬ್ಬರನ್ನು ಕೆಳಗಿಳಿಸೋಕೆ ಇನ್ನೊಬ್ಬರನ್ನು ಏಣಿ ಮಾಡಿಕೊಳ್ಳುವವರು ರಾವ್ ಬರೆದದ್ದನ್ನು ಒಂದು ಪುಟವೂ ಓದಿರುವುದಿಲ್ಲ. ನನಗಂತೂ ಇದು ಇಬ್ಬರಿಗೂ ಮಾಡುವ ಅವಮಾನ ಅನಿಸುತ್ತದೆ.

ನನಗೆ ಬೇಕಾದ ರಾವ್ ಇರುವುದು ಸಿಂಧೂ ನದಿಯ ವರದಿಯಲ್ಲಿ. ಆಗ ಪಂಜಾಬ್, ಸಿಂಧ್ ಎರಡೂ ಬ್ರಿಟಿಷರ ಕೈಕೆಳಗಿನ ಪ್ರಾಂತ್ಯಗಳೇ. ನದಿಯ ದಾರಿಯಲ್ಲಿ ಪಂಜಾಬ್ ಮೇಲೆ, ಸಿಂಧ್ ಕೆಳಗೆ. ಸಟ್ಲೆಜ್ ನದಿಗೆ ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಲು ಪಂಜಾಬ್ ಹೊರಟಿತು. ನಮ್ಮ ಕಾಲುವೆ ಒಣಗುತ್ತವೆ ಎಂದು ಸಿಂಧ್ ದೂರು ಕೊಟ್ಟಿತು. 1941ರಲ್ಲಿ ಆಯೋಗ ಕೂತಿತು, ಅದಕ್ಕೆ ರಾವ್ ಅಧ್ಯಕ್ಷರು. 1942ರಲ್ಲಿ ವರದಿ ಬಂತು.

ನೀರಿನ ಜಗಳದಲ್ಲಿ ಎರಡು ಹಳೆಯ ವಾದಗಳಿವೆ. ನಮ್ಮ ನೆಲದ ಮೇಲೆ ಹರಿಯೋ ತನಕ ನೀರು ನಮ್ಮದು, ಏನಾದರೂ ಮಾಡ್ಕೋತೀವಿ ಎನ್ನುವುದು ಮೇಲಿನವರ ವಾದ. 1895ರಲ್ಲಿ ರಿಯೊ ಗ್ರಾಂಡೆ ನದಿ ವಿಷಯಕ್ಕೆ ಮೆಕ್ಸಿಕೊ ದೂರಿದಾಗ ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ ತಮ್ಮ ಸರ್ಕಾರಕ್ಕೆ ಹೇಳಿದ್ದು ಇದನ್ನೇ. ಮೊದಲಿನಿಂದ ಹೇಗೆ ಹರಿದು ಬರುತ್ತಿತ್ತೋ ಹಾಗೇ ಬರಬೇಕು, ಒಂದು ಕೊಡವೂ ಕಡಿಮೆ ಆಗಕೂಡದು ಎನ್ನುವುದು ಕೆಳಗಿನವರ ವಾದ. ರಾವ್ ಎರಡಕ್ಕೂ ಜೋತು ಬೀಳಲಿಲ್ಲ. ಒಂದೇ ನದಿ ಹಂಚಿಕೊಂಡವರು ಮೊದಲು ಕೂತು ಮಾತಾಡಿ ಒಪ್ಪಂದಕ್ಕೆ ಬರುವುದೇ ಒಳ್ಳೆಯದು, ಅದಾಗದಿದ್ದರೆ ಪ್ರತಿಯೊಬ್ಬರಿಗೂ ನ್ಯಾಯವಾದ ಪಾಲು ಸಿಗಬೇಕು ಎಂದರು. ನ್ಯಾಯವಾದ ಪಾಲು ಅಂದರೆ ಸಮಪಾಲು ಅಲ್ಲ, ಅವರವರ ಸ್ಥಿತಿ ನೋಡಿ ಕೊಡೋದು.

ಇನ್ನೊಂದು ಮಾತು ಓದಿ ನಾನು ಒಬ್ಬನೇ ನಕ್ಕಿದ್ದೆ. ಒಣ ಸೀಮೆಯಲ್ಲಿ ಸಾಮಾನ್ಯವಾಗಿ ಮೊದಲು ಬಂದ ನೀರಾವರಿ ಯೋಜನೆಗೆ ಮೊದಲ ಹಕ್ಕು. ಸರಿ, ಆದರೆ ಮೊದಲು ಬಂದದ್ದು ಎಂದು ಯಾವ ದಿನದಿಂದ ಎಣಿಸಬೇಕು? ಸರ್ವೆ ಶುರುವಾದ ದಿನದಿಂದ ಅಲ್ಲ, ಕೊನೆ ಮುಟ್ಟಿಸಿಯೇ ತೀರುತ್ತೇವೆ ಎಂದು ಯೋಜನೆ ಗಟ್ಟಿಯಾದ ದಿನದಿಂದ ಎನ್ನುತ್ತದೆ ವರದಿ. ತಮ್ಮ ಕಡೆಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಯ ಹೆಸರಲ್ಲಿ ಎಷ್ಟು ಭಾಷಣ, ಎಷ್ಟು ಭರವಸೆ ಕೇಳಿದ ಚಿತ್ರದುರ್ಗದವರಿಗೆ ಈ ಸಾಲು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. 1892ರ ಮೈಸೂರು-ಮದ್ರಾಸ್ ಒಪ್ಪಂದ ಅಂದರೆ ಎಲ್ಲರಿಗೂ ಕಾವೇರಿಯೇ ನೆನಪಾಗೋದು. ಅದರಲ್ಲಿರುವ ನದಿಗಳ ಪಟ್ಟಿಯಲ್ಲಿ ಭದ್ರಾ ಇದೆ, ತುಂಗಭದ್ರಾ ಇದೆ, ಚಿತ್ರದುರ್ಗದ ವೇದಾವತಿಯೂ ಇದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟು ಆ ಒಪ್ಪಂದದ ನೆರಳಲ್ಲೇ ಎದ್ದದ್ದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಾವೂ ಜನರ ಜೊತೆ ನೂಕಾಡಿಕೊಂಡು ನೋಡಿ ಬಂದೆವು.

ರಾವ್ ವರದಿಯನ್ನು ಎರಡೂ ಕಡೆಯವರು ಒಪ್ಪಲಿಲ್ಲ. ಐದು ವರ್ಷಕ್ಕೆ ದೇಶ ಒಡೆಯಿತು. ಪ್ರಾಂತ್ಯಗಳ ಜಗಳ ದೇಶಗಳ ಜಗಳ ಆಯಿತು. 1948ರ ಏಪ್ರಿಲ್ 1ರಂದು ಪಾಕಿಸ್ತಾನದ ಕಡೆಗೆ ಹೋಗುವ ಕಾಲುವೆಗಳ ನೀರು ನಿಂತಿತು. ಸಿಂಧೂ ಒಪ್ಪಂದಕ್ಕೆ ಸಹಿ ಬಿದ್ದದ್ದು 1960ರಲ್ಲಿ. ನ್ಯಾಯವಾದ ಪಾಲು ಎಂಬ ಮಾತು ಮಾತ್ರ ಸಾಯಲಿಲ್ಲ. 1966ರ ಹೆಲ್ಸಿಂಕಿ ನಿಯಮಗಳಲ್ಲೂ 1997ರ ವಿಶ್ವಸಂಸ್ಥೆಯ ನದಿ ಒಪ್ಪಂದದಲ್ಲೂ ಅದೇ ನಡುಗಂಬ.

ಕೊರಿಯಾ ಯುದ್ಧದ ಕತೆಯಲ್ಲೂ ಇದೇ ಮನುಷ್ಯ ಕಾಣಿಸುತ್ತಾರೆ. 1950ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ಲೇಕ್ ಸಕ್ಸೆಸ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅವಸರದಲ್ಲಿ ಸೇರಿತು. ಆ ತಿಂಗಳು ಅಧ್ಯಕ್ಷತೆ ಭಾರತದ್ದು, ಕುರ್ಚಿಯಲ್ಲಿ ಭಾರತದ ಪ್ರತಿನಿಧಿ ರಾವ್. ಉತ್ತರ ಕೊರಿಯಾ ಹಿಂದೆ ಸರಿಯಬೇಕು ಎಂಬ ನಿರ್ಣಯಕ್ಕೆ ಭಾರತ ಹೂಂ ಎಂದಿತು. ಎರಡು ದಿನಕ್ಕೆ ದಕ್ಷಿಣ ಕೊರಿಯಾಕ್ಕೆ ಸೈನ್ಯದ ನೆರವಿನ ನಿರ್ಣಯ ಬಂದಾಗ ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಅಧ್ಯಕ್ಷರೇ ಮತ ಹಾಕದೆ ಕೂತರು. ನನಗೆ ಅದು ಹೇಡಿತನ ಅನಿಸುವುದಿಲ್ಲ. ತನ್ನದಲ್ಲದ ಮಾತನ್ನು ದೇಶದ ಹೆಸರಲ್ಲಿ ಆಡಬಾರದು ಅನ್ನೋದು ಗೊತ್ತಿದ್ದವರು ಅವರು. ಡಿಸೆಂಬರ್‌ನಲ್ಲಿ ಕದನ ನಿಲ್ಲಿಸಲು ದಾರಿ ಹುಡುಕುವ ಮೂವರ ತಂಡದಲ್ಲಿ ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್ ಜೊತೆ ರಾವ್ ಇದ್ದರು. ಚೀನಾ ಒಪ್ಪಲಿಲ್ಲ.

ಹೀಗೆ ಲೆಕ್ಕ ಹಾಕಿದರೆ ಸೋಲುಗಳೇ ಜಾಸ್ತಿ. ಸಿಂಧೂ ವರದಿ ಮೂಲೆ ಸೇರಿತು, ಕೊರಿಯಾ ಮಾತುಕತೆ ಮುರಿಯಿತು. 1952ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಜಡ್ಜ್ ಆದರು, ಅಲ್ಲಿಗೆ ಹೋದ ಮೊದಲ ಭಾರತೀಯ. ಒಂಬತ್ತು ವರ್ಷದ ಅವಧಿಯಲ್ಲಿ ಎರಡು ವರ್ಷವೂ ಕೂರಲಾಗಲಿಲ್ಲ. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಇದನ್ನೆಲ್ಲ ಮೊನ್ನೆ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ತಾಳ್ಮೆಯಿಂದ ಕೇಳಿದಳು. "ಮೊದಲು ಬಂದವರಿಗೆ ಮೊದಲ ಹಕ್ಕು ಅಂದ್ರೆ ನೀನೇ ಗೆದ್ದೆ ಬಿಡು" ಅಂದಳು. ಅಲ್ಲ, ಅದು ನೀರಾವರಿಗೆ ಹೇಳಿದ್ದು, ಕುಡಿಯೋ ನೀರಿನ ಲೆಕ್ಕ ಬೇರೆ, ಮೊದಲ ನಿಯಮ ಕೂತು ಮಾತಾಡೋದು ಎಂದೆ.

"ಹಾಗಾದ್ರೆ ಹಬ್ಬಕ್ಕೆ ಬಾ, ಕೂತು ಮಾತಾಡೋಣ. ಬರುವಾಗ ನಿಮ್ಮ ಗದ್ದೆ ಅಕ್ಕಿ ಒಂದು ಚೀಲ ತಾ. ಇಲ್ಲಿ ಅಂಗಡಿ ಅಕ್ಕಿ ಅನ್ನ ಮುದ್ದೆ ಆಗುತ್ತೆ."